ತೊಟ್ಟಿಯ ಬಿಸಿಲೂ ಭಾವನ ಮೀನೂ

ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ಸೊಪ್ಪು, ಅವರೆಕಾಯಿ ಹಿಡಿದುಕೊಂಡು ಬಂದು ಮನೆಯ ಬಾಗಿಲು ತಳ್ಳಿದರೆ ಒಳಗಿನಿಂದ ಹಸಿ ಸಿಮೆಂಟಿನ ವಾಸನೆ ಬಂತು. ಹೊಸದಾಗಿ ಮನೆ ಕಟ್ಟಿಸುತ್ತಿರುವವರಿಗೆ ಈ ವಾಸನೆ ಹಿತವಾಗಿರಬಹುದು. ಗೃಹಪ್ರವೇಶವಾಗಿ ಎಷ್ಟೋ ವರ್ಷ ಕಳೆದ ಮನೆಯೊಳಗಿಂದ, ಅದರಲ್ಲೂ ಗಂಡ ಒಬ್ಬರೇ ಇರುವ ಹೊತ್ತಿನಲ್ಲಿ ಬಂದರೆ, ಚಪ್ಪಲಿ ಬಿಡುವ ಮೊದಲೇ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು. ನಾನು ಇಣುಕಿ ನೋಡಿದೆ.

ಮೆಟ್ಟಿಲ ಕೆಳಗಿನ ಜಾಗ ಖಾಲಿಯಾಗಿತ್ತು. ಅಲ್ಲಿ ವರ್ಷಗಟ್ಟಲೆ ನೆಮ್ಮದಿಯಾಗಿದ್ದ ಹಳೆಯ ಮಿಕ್ಸಿಯ ಡಬ್ಬ, ಕಡ್ಡಿ ಮುರಿದ ಛತ್ರಿಗಳು, ಗೌರಿಹಬ್ಬದ ಮೊರಗಳು, ಒಂದು ಚಕ್ರ ಕಳೆದುಕೊಂಡ ಸೂಟ್‌ಕೇಸು, ಎಲ್ಲವೂ ಸೋಫಾ ಮೇಲೆ, ಕುರ್ಚಿಗಳ ಮೇಲೆ ಹತ್ತಿ ಕೂತಿದ್ದವು. ಅವುಗಳ ಹಿಂದೆ ಒಂದು ಪುಟ್ಟ ಕಿಟಕಿ ಇತ್ತೆಂಬುದೇ ನನಗೆ ಮರೆತುಹೋಗಿತ್ತು, ಅದನ್ನೂ ತೆರೆದಿದ್ದರು. ನಮ್ಮ ಮನೆಯವರು ಕುಕ್ಕರಗಾಲಿನಲ್ಲಿ ಕೂತು ಅಳತೆ ಟೇಪು ಎಳೆಯುತ್ತಿದ್ದರು. ಸಿಮೆಂಟಿನ ಚೀಲಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಕೈಗವಸು ಹಾಕಿಕೊಂಡ ಮನುಷ್ಯನೊಬ್ಬ, ಮನೆಯೊಳಗೇ ಮೀನಿನ ಕೊಳ ಕಟ್ಟುವುದು ಎಷ್ಟು ಸುಲಭವೆಂದು ಸ್ನೇಹಿತರಿಗೆಲ್ಲ ಹೇಳಿಕೊಡುತ್ತಿದ್ದ. ಪ್ರಯೋಗಕ್ಕೆಂದು ನಾನು ರಾಗಿಹಿಟ್ಟು ಕಲಸುವ ಬೇಸಿನ್ನಿನಲ್ಲಿ ಒಂದಿಷ್ಟು ಸಿಮೆಂಟು ಕಲಸಿಯೂ ಇಟ್ಟಾಗಿತ್ತು.

ನಮ್ಮ ಮನೆಯವರಿಗೆ ಕೊಳ್ಳೇಗಾಲದಲ್ಲಿ ಗೊಬ್ಬರದ ಅಂಗಡಿಯಿದೆ. ವಾರವೆಲ್ಲ ರೈತರಿಗೆ ಯಾವುದಕ್ಕೆ ಏನು, ಎಷ್ಟು, ಯಾವಾಗ ಎಂದು ಹೇಳಿ ಹೇಳಿ, ಭಾನುವಾರ ಯಾರೂ ಕೇಳುವವರಿಲ್ಲದೆ ಚಡಪಡಿಸುತ್ತಾರೆ. ಆ ಚಡಪಡಿಕೆಗೆ ಇದುವರೆಗೆ ನಮ್ಮ ಮನೆಯ ಎರಡು ನಲ್ಲಿ, ಒಂದು ಇಸ್ತ್ರಿಪೆಟ್ಟಿಗೆ, ಟೆರೇಸಿನ ಪುದೀನ ಬಲಿಯಾಗಿವೆ. ಈಗ ಮೀನಿನ ಸರದಿ. ನಾನು ಸೊಪ್ಪಿನ ಚೀಲ ಹಿಡಿದು ಅಡುಗೆಮನೆಗೆ ಹೋಗಿ ಕಟ್ಟೆಗೆ ಒರಗಿ ನಿಂತೆ. ನಿಮ್ಮನ್ನು ಕೂತುಕೊಳ್ಳಿ ಎನ್ನೋಣವೆಂದರೆ ಹಾಲಿನಲ್ಲಿ ಛತ್ರಿ, ಮೊರಗಳು ಕೂತಿವೆ. ನೀವೂ ಹೀಗೇ ಒರಗಿ ನಿಂತಿರಿ. ನಮ್ಮ ಭಾವನ ಮೀನಿನ ಕಥೆ ಹೇಳುತ್ತೇನೆ.

ಭಾವನೆಂದರೆ ನಮ್ಮ ಅಕ್ಕನ ಗಂಡ. ಊರು ಯಳಂದೂರಿನ ಹತ್ತಿರ ಹೊನ್ನೂರು. ಅವರದು ಹಳೆಯ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ, ಮೊಣಕಾಲಾಳದ ಚೌಕ, ಅದೇ ತೊಟ್ಟಿ. ಸುತ್ತ ಕಂಬಗಳ ಹಜಾರ, ಅದರಾಚೆ ಕೋಣೆಗಳು. ಮಳೆ ಬಂದರೆ ನೀರು ತೊಟ್ಟಿಗೆ ಬಿದ್ದು, ಮೂಲೆಯ ಒಂದು ತೂತಿನಿಂದ ಹಿತ್ತಿಲಿನ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮಳೆ ಇಲ್ಲದ ದಿನ ಆ ತೊಟ್ಟಿ ಪೂರ್ತಿ ಅಕ್ಕನದು. ಬೆಳಗಿನ ಕೆಲಸ ಮುಗಿಸಿ ಅವಳು ಒಂದು ಮಣೆ ಹಾಕಿಕೊಂಡು ಅಲ್ಲಿ ಕೂತರೆ, ಬಿಸಿಲು ಸರಿದಂತೆ ಮಣೆಯೂ ಸರಿಯುತ್ತಿತ್ತು. ಅಕ್ಕಿ ಆರಿಸುವುದು ಅಲ್ಲಿ, ಅವರೆಕಾಯಿ ಸುಲಿಯುವುದು ಅಲ್ಲಿ, ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡ ದಿನ ಕೂದಲು ಹರಡಿಕೊಂಡು ಒಣಗಿಸುವುದೂ ಅಲ್ಲೇ. ಮಂಡಿನೋವಿಗೆ ಡಾಕ್ಟರು ಕೊಟ್ಟ ಮುಲಾಮಿಗಿಂತ ಆ ಬಿಸಿಲೇ ವಾಸಿ ಎಂದು ಕಾಲು ಚಾಚಿಕೊಂಡಿರುತ್ತಿದ್ದಳು. ಮಧ್ಯಾಹ್ನವಾದರೆ ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ಸೇರುತ್ತಿದ್ದರು. ಯಾರ ಮನೆಯ ಸೊಸೆ ಬಸುರಿ, ಯಾರ ಗಂಡ ಯಾರ ಜೊತೆ ಮಾತು ಬಿಟ್ಟಿದ್ದಾನೆ ಎಂಬ ಎಲ್ಲ ತೀರ್ಮಾನಗಳೂ ಆ ಚೌಕದಲ್ಲೇ ಆಗುತ್ತಿದ್ದವು. ಕೊಳ್ಳೇಗಾಲದಿಂದ ನಾನು ರಜೆಯಲ್ಲಿ ಹೋದರೆ ನನಗೂ ಪಕ್ಕದಲ್ಲಿ ಒಂದು ಮಣೆ ಬೀಳುತ್ತಿತ್ತು. ಹೈಸ್ಕೂಲಿನಲ್ಲಿ ದಿನವಿಡೀ ನಿಂತು ಪಾಠ ಹೇಳುವ ನನ್ನ ಕಾಲುಗಳಿಗೆ ಅದಕ್ಕಿಂತ ಸುಖದ ಜಾಗ ಇನ್ನೊಂದಿರಲಿಲ್ಲ.

ಭಾವ ಸಕ್ಕರೆ ಕಾರ್ಖಾನೆಯೊಂದರ ವೇಬ್ರಿಡ್ಜಿನಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವಲ್ಲಿ, ಕೆಲಸ ಮಾಡಿ ನಿವೃತ್ತರಾದವರು. ಅಷ್ಟು ವರ್ಷ ಅವರು ಕೈ ಎತ್ತಿದರೆ ಟ್ರ್ಯಾಕ್ಟರು ನಿಲ್ಲುತ್ತಿತ್ತು, ಕೈ ಬೀಸಿದರೆ ಹೊರಡುತ್ತಿತ್ತು. ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ ನೋಡಿದರೆ ಬೆಕ್ಕು ಕೂಡ ಅವರ ಕೈ ನೋಡಿ ನಿಲ್ಲುವುದಿಲ್ಲ. ಹೊಲದ ಕೆಲಸಕ್ಕೆ ಆಳುಗಳಿದ್ದರು, ಹಿತ್ತಿಲಿನ ಹುಳುಮನೆಯಲ್ಲಿ ರೇಷ್ಮೆಹುಳುಗಳು ಯಾರ ಅಪ್ಪಣೆಗೂ ಕಾಯದೆ ಸೊಪ್ಪು ತಿನ್ನುತ್ತಿದ್ದವು. ಅಂಥ ಹೊತ್ತಿನಲ್ಲಿ ಅವರ ಕೈಗೆ ಒಂದು ಮೊಬೈಲು ಬಂತು. ಮೊಬೈಲಿನಲ್ಲಿ ಮೀನು ಬಂತು.

ಮನೆಯೊಳಗೆ ಮೀನು ಓಡಾಡುತ್ತಿದ್ದರೆ ಬಿಪಿ ಇಳಿಯುತ್ತದೆ ಎಂದು ಅದರಲ್ಲಿ ಯಾರೋ ಹೇಳಿದ್ದರಂತೆ. ನಿಮಗೆಲ್ಲಿ ಬಿಪಿ ಇದೆ ಎಂದು ಅಕ್ಕ ಕೇಳಿದಳು. "ಬರೋಕ್ಮುಂಚೆ ಇಳಿಸ್ಕಬೇಕು ಕಣೆ, ಬಂದ್ಮೇಲೆ ಏನಿಳಿಸ್ತೀಯೆ," ಎಂದರು ಭಾವ. ಈ ಮಾತನ್ನು ಅವರು ತೊಟ್ಟಿಯ ಮೆಟ್ಟಿಲ ಮೇಲೆ ನಿಂತು ಆಡಿದರು. ಅಕ್ಕ ಮಣೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಮಾತು ಮುಗಿದ ಮೇಲೆ ಭಾವ ಕೆಳಗಿಳಿದು, ಜೇಬಿನಿಂದ ಟೇಪು ತೆಗೆದು, ಈ ಗೋಡೆಯಿಂದ ಆ ಗೋಡೆಗೆ ಎಳೆದರು. ನಡುವೆ ಅಕ್ಕನ ಕಾಲು ಅಡ್ಡ ಬಂತು.

"ವಸಿ ಕಾಲೆತ್ತು," ಎಂದರು.

ಅಕ್ಕ ಕಾಲೆತ್ತಿದಳು. ಟೇಪು ಅವಳ ಪಾದದ ಕೆಳಗೆ ಹಾದು ಆಚೆ ಗೋಡೆ ಮುಟ್ಟಿತು. ಮೀನಿನ ಕೊಳದ ಬಗ್ಗೆ ನಮ್ಮ ಅಕ್ಕನನ್ನು ಕೇಳಿದ್ದು ಅಷ್ಟೇ. ಅಂದು ನಾನು ಅಲ್ಲೇ ಇದ್ದೆ. ಇಬ್ಬರೂ ಮುಸಿಮುಸಿ ನಕ್ಕೆವು. ಅಳತೆ ಮಾಡಿ ಮಾಡಿ ಸುಸ್ತಾಗಿ ಬಿಡುತ್ತಾರೆ ಎಂದೇ ನಮ್ಮ ಲೆಕ್ಕ. ಗಂಡಸರ ಎಷ್ಟೋ ಯೋಜನೆಗಳು ಟೇಪು ಸುತ್ತಿ ಜೇಬಿಗೆ ಹಾಕುವಲ್ಲಿಗೆ ಮುಗಿಯುತ್ತವೆ, ಅದು ದೇವರು ಹೆಂಗಸರಿಗೆ ಮಾಡಿದ ಉಪಕಾರ. ಭಾವನ ವಿಷಯದಲ್ಲಿ ದೇವರು ಕೈಕೊಟ್ಟ.

ಗಾರೆಯವನನ್ನು ಕರೆಸಲಿಲ್ಲ. ಎಲ್ಲ ಸ್ವಂತ ಕೈಯಲ್ಲಿ ಆಗಬೇಕು, ಅದರಲ್ಲೇ ಅದರ ಹೆಚ್ಚುಗಾರಿಕೆ ಎಂದು ಮೊಬೈಲಿನವನು ಹೇಳಿದ್ದ. ಭಾವ ತಲೆಗೆ ಟವೆಲ್ಲು ಸುತ್ತಿಕೊಂಡು ಇಟ್ಟಿಗೆ ಇಟ್ಟು ಅಂಚು ಎತ್ತರಿಸಿದರು. ಮಳೆನೀರು ಹೋಗುವ ತೂತಿಗೆ ಸಿಮೆಂಟು ಮೆತ್ತಿ ಮುಚ್ಚಿದರು. ತೆರೆದ ತೊಟ್ಟಿಯಾದರೆ ಕಾಗೆ ಬರುತ್ತದೆ, ತರಗು ಬೀಳುತ್ತದೆ, ಅದು ಮನೆಯೊಳಗಿನ ಕೊಳ ಹೇಗಾದೀತು ಎಂದು ಮೇಲಿನ ಆಕಾಶಕ್ಕೆ ನೀಲಿ ಫೈಬರ್ ಶೀಟು ಹೊದಿಸಿದರು. ಅಂದಿನಿಂದ ಆ ಮನೆಯೊಳಗೆ ಎಲ್ಲರ ಮುಖವೂ ನೀಲಿ. ಅನ್ನ ನೀಲಿ, ಮಜ್ಜಿಗೆ ನೀಲಿ, ಹಚ್ಚಿಕೊಂಡ ವಿಭೂತಿಯೂ ನೀಲಿ. ಭಾವ ಮಾತ್ರ ಹಜಾರದಲ್ಲಿ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತ, ಸಮುದ್ರದೊಳಗೆ ಇದ್ದಂಗದೆ ಎಂದು ಬಂದವರಿಗೆಲ್ಲ ಹೇಳಿದರು. ಅವರು ಸಮುದ್ರ ನೋಡಿದವರಲ್ಲ.

ಅಕ್ಕನ ಮಣೆ ಮೊದಲು ಬೀದಿಯ ಜಗಲಿಗೆ ಹೋಯಿತು. ಅಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಧೂಳು, ಜೊತೆಗೆ ಗಂಡಸರ ಹರಟೆ. ಹೆಂಗಸರು ಅಲ್ಲಿಗೆ ಬಂದು ಮನಸ್ಸು ಬಿಚ್ಚಿ ಏನು ಮಾತಾಡಿಯಾರು? ಹಿತ್ತಿಲಿಗೆ ಹೋದರೆ ಹುಳುಮನೆಯ ಕಸ, ಸೊಪ್ಪಿನ ರಾಶಿ. ಹಜಾರದಲ್ಲಿ ಕೂರೋಣವೆಂದರೆ ನೀಲಿ ಕತ್ತಲು, ತಣ್ಣನೆಯ ನೆಲ, ಕೊಳ ನೋಡಲು ಬಂದವರ ಕಾಲ್ತುಳಿತ. ಕೊನೆಗೆ ಮಣೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿತು. ಬೀದಿಯ ಹೆಂಗಸರು ಬರುವುದು ನಿಲ್ಲಿಸಲಿಲ್ಲ, ಆದರೆ ಈಗ ಬರುತ್ತಿದ್ದದ್ದು ಕೊಳ ನೋಡಲು. ಅಂಚಿನಲ್ಲಿ ನಿಂತು, ಬಗ್ಗಿ ನೋಡಿ, ಚೆನ್ನಾಗದೆ ಕಣವ್ವ ಎಂದು ಹೇಳಿ ಹೊರಟುಬಿಡುತ್ತಿದ್ದರು. ಕೂರಲು ಜಾಗವಿಲ್ಲದ ಮನೆಯಲ್ಲಿ ಮಾತು ನಿಲ್ಲುವುದಿಲ್ಲ. ಅಕ್ಕ ಇದನ್ನು ನನಗೆ ಫೋನಿನಲ್ಲಿ ಹೇಳುತ್ತಿದ್ದಳು, ನಗುತ್ತಲೇ. ನಾನೂ ನಗುತ್ತಲೇ ಕೇಳುತ್ತಿದ್ದೆ.

ಮೊದಲ ಮೀನುಗಳು ಕೊಳ್ಳೇಗಾಲದ ಅಂಗಡಿಯಿಂದ ಹೋದವು. ಕೆಂಪು, ಕಿತ್ತಳೆ ಬಣ್ಣದ ಪುಟ್ಟ ಪುಟ್ಟ ಚಿನ್ನದ ಮೀನುಗಳು. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಭಾವ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ಹಳ್ಳಕ್ಕೂ ಎರಡು ಕೈಯಲ್ಲಿ ಎತ್ತಿ ಹಿಡಿದು, ಹೊನ್ನೂರಿನವರೆಗೆ ಒಯ್ದರು. ತಮ್ಮ ಮಕ್ಕಳು ಕೂಸಾಗಿದ್ದಾಗ ಇಷ್ಟು ಜೋಪಾನವಾಗಿ ಎತ್ತಿಕೊಂಡಿದ್ದನ್ನು ತಾನು ಕಂಡಿಲ್ಲ ಎಂದಳು ಅಕ್ಕ. ಕೊಳಕ್ಕೆ ಬಿಟ್ಟ ಮೀನುಗಳು ಸಂಜೆಯ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲಿದವು. ಹೊಸ ಸಿಮೆಂಟಿನ ಸುಣ್ಣದ ಅಂಶ ಹೋಗುವವರೆಗೆ ಬಾಳೆದಿಂಡು ಹಾಕಿ, ನೀರು ಬದಲಿಸಿ ಬದಲಿಸಿ ನೆನೆಸಬೇಕಿತ್ತು. ಅದನ್ನೂ ಮೊಬೈಲಿನವನು ಹೇಳಿದ್ದನಂತೆ. ಆ ಭಾಗ ಬೇಜಾರೆಂದು ಭಾವ ಬೆರಳಲ್ಲಿ ಮುಂದಕ್ಕೆ ಓಡಿಸಿದ್ದರು.

ಈಗ ಒಂದು ತೊಡಕು ಎದುರಾಯಿತು. ನಮ್ಮದು ಶಿವಾಚಾರದ ಮನೆತನ. ಮೀನು, ಮೊಟ್ಟೆಯ ಮಾತೂ ನಮ್ಮ ಒಲೆಯ ಹತ್ತಿರ ಸುಳಿಯುವುದಿಲ್ಲ. ಸತ್ತ ಮೀನನ್ನು ನೀರಿನಿಂದ ಎತ್ತುವವರು ಯಾರು, ಯಾವುದರಲ್ಲಿ? ಭಾವ ಅಡುಗೆಮನೆಯ ಇಕ್ಕಳ ಕೇಳಿದರು, ಅಕ್ಕ ಅದನ್ನು ಸೆರಗಿನೊಳಗೆ ಬಚ್ಚಿಟ್ಟಳು. ಕೊನೆಗೆ ಅಡಕೆಪಟ್ಟೆಯ ತಟ್ಟೆಯೊಂದನ್ನು ಬಾಗಿಸಿ, ಮುಖ ಆಚೆ ತಿರುಗಿಸಿಕೊಂಡು ಒಂದೊಂದಾಗಿ ಎತ್ತಿದರು. ನಮ್ಮವರಲ್ಲಿ ಹೂಳುವುದು ಪದ್ಧತಿ, ಆದ್ದರಿಂದ ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಹೂತರು. ಸುಮ್ಮನೆ ಹೂಳಲು ಮನಸ್ಸು ಬಾರದೆ ಮೇಲೊಂದು ವಿಭೂತಿಗಟ್ಟಿಯನ್ನೂ ಇಟ್ಟರು. ತಲೆಗೆ ನೀರು ಹಾಕಿಕೊಂಡು ಬಂದು ಕೂತಾಗ ಅವರ ಕಣ್ಣು ತೇವವಾಗಿತ್ತಂತೆ. ಒಂದು ಜೀವ ಕೊಂದ ಪಾಪ ಮೈಗೆ ಬಂತಲ್ಲ ಎಂದು ಮತ್ತೆ ಮತ್ತೆ ಅಂದರಂತೆ.

ಎರಡನೆಯ ಸಲ ಆದದ್ದನ್ನು ನಮ್ಮ ಕಡೆಯವರು ಮಾತ್ರ ಮಾಡಲು ಸಾಧ್ಯ. ರೇಷ್ಮೆ ಬೆಳೆಯುವ ಮನೆಗಳಲ್ಲಿ ಹುಳುಗಳಿಗೆ ರೋಗ ಬಂದು ಬೆಳೆ ಕೆಟ್ಟರೆ, ಹುಳುಮನೆಯನ್ನು ತೊಳೆದು ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಮುಂದಿನ ಬೆಳೆಗೆ ರೋಗ ತಗಲದಿರಲಿ ಎಂದು. ಮೀನು ಸತ್ತದ್ದೂ ರೋಗದಿಂದಲೇ ಇರಬೇಕೆಂದು ಭಾವ ಕೊಳಕ್ಕೆ ಬ್ಲೀಚಿಂಗ್ ಪೌಡರ್ ಧಾರಾಳವಾಗಿ ಸುರಿದರು. ಆ ನೀರನ್ನು ಪೂರ್ತಿ ಹೊರಹಾಕೋಣವೆಂದರೆ ತೂತು ಮುಚ್ಚಿದವರೂ ಅವರೇ. ಬಕೆಟ್ಟಿನಲ್ಲಿ ಮೊಗೆದು ಮೊಗೆದು ಸೊಂಟ ಹಿಡಿದ ಮೇಲೆ, ಉಳಿದಿರುವುದು ಒಂದಿಷ್ಟೇ ಎಂದು ಅದರ ಮೇಲೇ ಹೊಸ ನೀರು ಬಿಟ್ಟು ಎರಡನೆಯ ಚೀಲ ತಂದು ಸುರಿದರು. ಈ ಮೀನುಗಳಿಗೆ ಸಂಜೆಯವರೆಗೂ ಕಾಯುವ ತಾಳ್ಮೆ ಇರಲಿಲ್ಲ. ತೆಂಗಿನ ಬುಡದಲ್ಲಿ ಮತ್ತೊಂದು ಗುಂಡಿ, ಮತ್ತೊಂದು ವಿಭೂತಿಗಟ್ಟಿ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಭಾವ ಬೆರಳುದ್ದದ ಮೀನಿಗಾಗಿ ಕಣ್ಣೊರೆಸಿಕೊಂಡದ್ದು ಹಿತ್ತಿಲಿನಲ್ಲಿ. ಅದೇ ಹಿತ್ತಿಲಿನ ಹುಳುಮನೆಯಿಂದ ಬೆಳೆಗೊಮ್ಮೆ ಮೂಟೆಗಟ್ಟಲೆ ರೇಷ್ಮೆಗೂಡು ಮಾರುಕಟ್ಟೆಗೆ ಹೋಗುತ್ತದೆ. ಗೂಡಿನೊಳಗೆ ಹುಳು ಜೀವಂತವಾಗಿರುತ್ತದೆ. ಅದನ್ನು ಕುದಿಯುವ ನೀರಿಗೆ ಹಾಕದೆ ನೂಲು ಬರುವುದಿಲ್ಲ. ಇದು ನಮ್ಮ ಕಡೆ ಎಳೆಯ ಮಕ್ಕಳಿಗೂ ಗೊತ್ತು, ಆದರೆ ಗೂಡಿನ ಮಾರುಕಟ್ಟೆಯ ಗೇಟು ದಾಟಿ ಆಚೆಗೆ ನಮ್ಮ ಜೀವದಯೆ ಹೋಗುವುದಿಲ್ಲ. ನಾನೇನು ದೊಡ್ಡ ಮಾತು ಆಡುವುದು, ನನ್ನ ಬೀರುವಿನಲ್ಲೂ ರೇಷ್ಮೆ ಸೀರೆಗಳು ಮಡಿಕೆ ಮಡಿಕೆಯಾಗಿ ಕೂತಿವೆ; ಅವನ್ನು ಉಟ್ಟುಕೊಂಡೇ ಮದುವೆಮನೆಯಲ್ಲಿ ಪಂಕ್ತಿಯ ಆಚೆಗಿನವರು ಏನು ತಿನ್ನುತ್ತಾರೆಂದು ಮೂಗು ಮುರಿದಿದ್ದೇನೆ.

ಸಾಯದ ಮೀನು ಬೇಕು ಎಂದು ಭಾವ ಸಿಕ್ಕವರಲ್ಲೆಲ್ಲ ಹೇಳತೊಡಗಿದರು. ಅವರ ಜೊತೆ ಕೆಲಸ ಮಾಡಿದ್ದ ಮಾದೇಶ ಎಂಬವರು ಹೂಗ್ಯಂ ಕಡೆಯವರು. ಅವರ ಊರಿನ ಹತ್ತಿರ ಕಾಡಂಚಿನಲ್ಲಿ ನೀರಿದೆ, ನೀರಿನಲ್ಲಿ ಮೀನಿದೆ. "ಸಾಯ್ದೇ ಇರೋ ಮೀನು ತಾನೆ ಸಾ? ಜಿಲೇಬಿ ತಂದಾಕ್ತೀನಿ ಬುಡಿ, ನೀವ್ ಕೊಂದ್ರೂ ಸಾಯಲ್ಲ," ಎಂದು ಒಂದು ದಿನ ಬೈಕಿನ ಹಿಂದೆ ಕ್ಯಾನು ಕಟ್ಟಿಕೊಂಡು ಬಂದೇ ಬಿಟ್ಟರು. ಬೂದುಬಣ್ಣದ, ಅಂಗೈಯಗಲದ ಮೀನುಗಳು. ಹೆಸರು ಕೇಳಿಯೇ ಭಾವನಿಗೆ ಪ್ರೀತಿ ಹುಟ್ಟಿತು. ಇಷ್ಟು ಸಿಹಿಯಾದ ಹೆಸರಿನ ಪ್ರಾಣಿಯಿಂದ ಏನು ಕೇಡಾದೀತು ಎಂಬುದು ಅವರ ನಂಬಿಕೆ.

ಮೀನು ತಿನ್ನುವ ಮನೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿದ್ದರೆ ಸಾಕಿತ್ತು. ಜಿಲೇಬಿ ಎಂದರೆ ಬಾಣಲೆಗೆ ಬೀಳುವ ಮೀನು. ಅಂದಕ್ಕೆ ಯಾರೂ ಸಾಕುವುದಿಲ್ಲ. ನೀರು ಯಾವುದಾದರೂ ಬದುಕುತ್ತದೆ, ಏನು ಹಾಕಿದರೂ ತಿನ್ನುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಸಂಸಾರ ದೊಡ್ಡದು ಮಾಡುತ್ತದೆ. ಬೀದಿಗೆ ಬೀದಿಯೇ ಇದನ್ನು ಬಲ್ಲದು, ನಮ್ಮ ಮನೆಗೆ ಮಾತ್ರ ಗೊತ್ತಿಲ್ಲ. ಯಾರೂ ಹೇಳಲಿಲ್ಲ. ವೇಬ್ರಿಡ್ಜಿನ ಯಜಮಾನರಿಗೆ ಹೇಳಿಕೊಡುವುದಕ್ಕಿಂತ ನೋಡುತ್ತ ನಿಲ್ಲುವುದರಲ್ಲಿ ಹೆಚ್ಚು ಸುಖವಿತ್ತು. ಎದುರುಮನೆಯ ಪುಟ್ಟಮ್ಮಣ್ಣಿ ಒಬ್ಬಳು ಮಾತ್ರ ಬಂದು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಯಜಮಾನರು ಊಟ ಬದಲಾಯಿಸಿದರೇನು ಎಂದು ಅಕ್ಕನ ಕಿವಿಯಲ್ಲಿ ಕೇಳಿದಳಂತೆ.

ಜಿಲೇಬಿಗಳು ಸಾಯಲಿಲ್ಲ. ಭಾವ ಮಂಡಕ್ಕಿ ಹಾಕಿದರು, ಚಪಾತಿ ಹಾಕಿದರು, ಹುಳುಮನೆಯಲ್ಲಿ ಸೊರಗಿದ ರೇಷ್ಮೆಹುಳುಗಳನ್ನೂ ಆರಿಸಿ ತಂದು ಹಾಕಿದರು. ಮೀನಿಗೆ ಮರುಗಿದ ಮನಸ್ಸು ಹುಳುವಿಗೆ ಮರುಗಬೇಕೆಂದು ಕಾನೂನೇನಿಲ್ಲ. ಒಂದು ದಿನ ನಾನು ಹೋದಾಗ ಭಾವ ನನ್ನ ಕೈಹಿಡಿದು ಅಂಚಿಗೆ ಎಳೆದುಕೊಂಡು ಹೋದರು. ಒಂದು ಮೀನು ಬಾಯಿ ತೆರೆಯಿತು, ಒಳಗಿನಿಂದ ಸೂಜಿಮೊನೆಯಂಥ ಮರಿಗಳು ಹೊರಬಂದು ನೀರಿನಲ್ಲಿ ಆಡಿದವು. ನಮ್ಮ ನೆರಳು ಬಿದ್ದ ತಕ್ಷಣ ಅವೆಲ್ಲ ಮತ್ತೆ ತಾಯಿಯ ಬಾಯೊಳಗೆ ಸೇರಿಕೊಂಡವು. ಮೊದಲು ತಾಯಿ ಮರಿಗಳನ್ನು ತಿನ್ನುತ್ತಿದೆಯೆಂದು ಭಾವ ಎರಡು ಹೊತ್ತು ಊಟ ಬಿಟ್ಟಿದ್ದರಂತೆ. ಆಮೇಲೆ ತಿಳಿಯಿತಂತೆ, ಅದು ಕಾಪಾಡುತ್ತಿದೆ ಎಂದು. "ನೋಡಮ್ಮ, ಬಾಯೊಳ್ಗೆ ಮಡೀಕಂಡು ಸಾಕ್ತದೆ. ಅಲ್ಲೀಗಂಟ ತಾನು ಏನೂ ತಿನ್ನಲ್ಲ," ಎಂದರು. ಅವರನ್ನು ಎಷ್ಟೇ ಆಡಿಕೊಂಡರೂ ಆ ಗಳಿಗೆಯಲ್ಲಿ ನಾನೂ ಅಂಚಿಗೆ ಇನ್ನಷ್ಟು ಬಗ್ಗಿ ನೋಡಿದೆ. ಹಿಂದೆ ತಿರುಗಿ ನೋಡಿದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು, ಮಂಡಿಗೆ ಬಟ್ಟೆ ಸುತ್ತಿಕೊಂಡು.

ಮರಿಗಳು ದೊಡ್ಡವಾದವು, ಅವೂ ಮರಿ ಹಾಕಿದವು. ಕೊಳದಲ್ಲಿ ನೀರಿಗಿಂತ ಮೀನೇ ಹೆಚ್ಚಾಯಿತು. ಶೀಟಿನ ಕೆಳಗೆ ಗಾಳಿಯಾಡದೆ ವಾಸನೆ ಹಜಾರಕ್ಕೆ, ದೇವರಮನೆಗೆ, ಹಾಸಿಗೆಗೆ ಹಿಡಿಯಿತು. ಯಳಂದೂರಿನಿಂದ ಭಾವನ ಕಡೆಯ ನೆಂಟರು ಬಂದವರು ಬಾಗಿಲಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಟ್ಟೆ ಸರಿ ಇಲ್ಲ ಎಂದು ಎಲ್ಲರೂ ಒಟ್ಟಿಗೆ ಹೇಳಿ, ಮಜ್ಜಿಗೆಯನ್ನೂ ಮುಟ್ಟದೆ ಹೊರಟರು. ಮಾಡಿದ ಅಡುಗೆ ಹಾಗೇ ಉಳಿಯಿತು. ಅಂದು ಮಧ್ಯಾಹ್ನ ಅಕ್ಕ ಫೋನು ಮಾಡಿದಳು. ಈ ಸಲ ನಗಲಿಲ್ಲ. "ನಿಂತ್ಕಂಡು ಉಣ್ಣೋದು ಕಲ್ತ್ಬುಟ್ಟೆ ಕಣೆ. ನಲವತ್ವರ್ಸದ ಮನೇಲಿ ಕಟ್ಟೆಗೊರ್ಗಿ ನಿಂತ್ಕಂಡು ಉಣ್ತೀನಿ," ಎಂದಳು.

ಭಾವನಿಗೂ ದಿಕ್ಕು ತೋಚುತ್ತಿರಲಿಲ್ಲ ಎನ್ನಿ. ಬೀದಿಯವರು ಒಬ್ಬೊಬ್ಬರೇ ಬಂದು, ಸಾ, ಜಾಸ್ತಿಯಾಗಿದ್ದರೆ ನಮಗೆ ಎರಡು ಕೊಡಿ ಎಂದು ವಿನಯವಾಗಿ ಕೇಳುತ್ತಿದ್ದರು. ಕೊಟ್ಟರೆ ಸಾರಾಗುತ್ತದೆ, ಆ ಪಾಪ ತಮಗೆ ಎಂದು ಭಾವ. ಕೊಡದಿದ್ದರೆ ಮನೆಯೊಳಗೆ ಕಾಲಿಡಲಾಗುವುದಿಲ್ಲ. ಹೊಳೆಗೆ ಬಿಡೋಣವೆಂದರೆ ಹಿಡಿಯಬೇಕು, ಹಿಡಿಯಬೇಕಾದರೆ ಮುಟ್ಟಬೇಕು. ಹೀಗೆ ಅಹಿಂಸೆಯಲ್ಲಿ ಸಿಕ್ಕಿಬಿದ್ದು ಅವರು ದಿನ ನೂಕುತ್ತಿದ್ದರು. ಅವರಿಗೇನು, ಕೂರಲು ಜಗಲಿಯಿತ್ತು.

ಅವರೆಕಾಯಿಯ ಕಾಲ, ಒಳ್ಳೆಯ ಚಳಿ. ನಾನು ರಜೆಗೆ ಹೋಗಿದ್ದೆ. ಭಾವ ಹುಳುಮನೆಯಲ್ಲಿದ್ದರು. ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ಮಂಡಿ ನೀವಿಕೊಳ್ಳುತ್ತ ನಿಂತಿದ್ದವಳು ತಲೆಯೆತ್ತಿ ಬಾಗಿಲಾಚೆಯ ಆ ನೀಲಿ ಶೀಟನ್ನು ನೋಡಿದಳು. ಅದರ ಮೇಲೆ ಬಿಸಿಲು ಬಿದ್ದಿರುವುದು ಕೆಳಗಿನಿಂದ ಕಾಣುತ್ತಿತ್ತು. ಆಮೇಲೆ ಹೊರಗೆ ಬಂದಳು. ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ, ಮೂಲೆಯಲ್ಲಿದ್ದ ಹಾರೆಯನ್ನೂ ಸೊಪ್ಪು ಹೊರುವ ಬಿದಿರುಕುಕ್ಕೆಯನ್ನೂ ತೆಗೆದುಕೊಂಡು, ನಾನು ನೋಡುತ್ತಿರುವಂತೆಯೇ ಕೊಳಕ್ಕೆ ಇಳಿದಳು. ಮೀನುಗಳು ಅವಳ ಕಾಲಿಗೆ ಬಡಿದು ಚೆಲ್ಲಾಪಿಲ್ಲಿಯಾದವು. ಹುಟ್ಟಿದಾಗಿನಿಂದ ಮೀನು ಮುಟ್ಟದ ನಮ್ಮ ಅಕ್ಕ ಮುಖ ಕಿವುಚಲೂ ಇಲ್ಲ. ಹಾರೆಯಿಂದ ಮೂಲೆಯ ಸಿಮೆಂಟಿಗೆ ಏಟು ಹಾಕಿದಳು. ಭಾವನ ಗಾರೆಕೆಲಸ ಎಂಥದೆಂದು ಆಗ ತಿಳಿಯಿತು. ಒಂದೆರಡು ಏಟಿಗೇ ಹೆಂಟೆಯಾಗಿ ಕಳಚಿಕೊಂಡಿತು. ಮೀನು ಹೋಗದಂತೆ ಕುಕ್ಕೆಯನ್ನು ತೂತಿಗೆ ಒತ್ತಿ ಹಿಡಿದು, ಪುಟ್ಟಮ್ಮಣ್ಣಿಯನ್ನು ಕೂಗು, ಪಾತ್ರೆ ತರಲಿ ಎಂದು ನನಗೆ ಹೇಳಿದಳು.

ಹಿತ್ತಿಲಿನಲ್ಲಿ ತೆಂಗಿನ ಬುಡಕ್ಕೆ ನೀರು ಬರುವುದನ್ನು ಕಂಡು ಭಾವ ಓಡಿಬಂದರು. ಅಷ್ಟರಲ್ಲಿ ಪುಟ್ಟಮ್ಮಣ್ಣಿ ಬಂದಿದ್ದಳು, ಅವಳ ಹಿಂದೆ ಅರ್ಧ ಬೀದಿ ಬಂದಿತ್ತು. ಅಕ್ಕ ಕುಕ್ಕೆಯಲ್ಲಿ ಮೀನು ಗೋರಿ ಅವರ ಪಾತ್ರೆಗಳಿಗೆ ಸುರಿಯುತ್ತಿದ್ದಳು.

"ಏನೇ ಇದು? ಅವ್ರು ಬೇಯಿಸ್ಕಂಡು ತಿಂತಾರೆ ಕಣೆ," ಎಂದರು ಭಾವ.

ಅಕ್ಕ ದನಿ ಏರಿಸಲಿಲ್ಲ. "ತಿನ್ನೋರು ತಿನ್ಲಿ. ನೀವು ಗೂಡು ತಕಂಡೋಗಿ ಮಾರ್ತೀರಲ್ಲ, ಕೊಂಡೋರೇನು ಆ ಉಳಾನ ತೊಟ್ಲಲ್ಲಾಕಿ ತೂಗ್ತಾರಾ? ಅದ್ರ ಪಾಪ ತಡ್ಕಂಡಿರೋ ಮನೆ ಇದ್ನೂ ತಡ್ಕತದೆ," ಎಂದಳು. ಒಂದು ಕುಕ್ಕೆ ಮೀನು ಸುರಿದು, ಸೊಂಟ ನೆಟ್ಟಗೆ ಮಾಡಿಕೊಂಡು ಮತ್ತೆ ಹೇಳಿದಳು. "ಮೀನಿನ್ಮ್ಯಾಲೆ ನಂಗೇನೂ ಕ್ವಾಪ ಇಲ್ಲ. ನಂಗೆ ಬಿಸ್ಲು ಬೇಕು. ನಾನು ಕೂರ್ಬೇಕು."

ಟ್ರ್ಯಾಕ್ಟರು ನಿಲ್ಲಿಸಿದ ಆ ಕೈ ಮೇಲಕ್ಕೆ ಏಳಲಿಲ್ಲ. ಭಾವ ಪಂಚೆ ಎತ್ತಿ ಕಟ್ಟಿ ಕೆಳಗಿಳಿದರು. ಬಾಯಲ್ಲಿ ಮರಿಯಿದ್ದ ಒಂದು ಮೀನನ್ನು ಹುಡುಕಿ, ಕಣ್ಣು ಮುಚ್ಚಿಕೊಂಡು ಬರಿಗೈಯಲ್ಲಿ ಹಿಡಿದು, ನೀರು ತುಂಬಿದ ಬಿಂದಿಗೆಗೆ ಬಿಟ್ಟು, ಹೊಲದ ಬಾವಿಯ ಕಡೆ ನಡೆದರು. ವಾಪಸು ಬಂದವರು ಯಾರೂ ಹೇಳದೆಯೇ ಏಣಿ ಹತ್ತಿ ಶೀಟು ಬಿಚ್ಚಿದರು. ಚೌಕದೊಳಗೆ ಬಿಸಿಲು ಬಿತ್ತು. ಒದ್ದೆ ನೆಲ, ಪಾಚಿ, ಅಲ್ಲಲ್ಲಿ ಹೊಳೆಯುವ ಮೀನಿನ ಹುರುಪೆ. ಅದನ್ನೆಲ್ಲ ಗುಡಿಸುವ ಮೊದಲೇ ಅಕ್ಕ ಮಣೆ ತರಿಸಿ, ಒದ್ದೆ ಸೀರೆಯಲ್ಲೇ, ಕಾಲು ಚಾಚಿ ಕೂತಳು. ಕಣ್ಣು ಮುಚ್ಚಿ ಎಷ್ಟೋ ಹೊತ್ತು ಕೂತಿದ್ದಳು. ಸಂಜೆ ಬೀದಿಯ ತುಂಬ ಹುರಿದ ಮೀನಿನ ವಾಸನೆ. ಭಾವ ದೇವರಮನೆಯ ಬಾಗಿಲು ಹಾಕಿಕೊಂಡು ಕೂತರು. ಪುಟ್ಟಮ್ಮಣ್ಣಿ ಋಣ ಇಟ್ಟುಕೊಳ್ಳಬಾರದೆಂದು ಒಂದು ಮೊರ ಅವರೆಕಾಯಿ ತಂದುಕೊಟ್ಟಳು. ಮರುದಿನ ಅದನ್ನು ತೊಟ್ಟಿಯಲ್ಲಿ ಸುಲಿದೆವು, ಭಾವನೂ ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಸುಲಿದರು.

ಇಷ್ಟನ್ನೂ ನಾನು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ನಮ್ಮ ಮನೆಯವರಿಗೂ ಕೇಳುವಂತೆ ಗಟ್ಟಿಯಾಗಿಯೇ ಹೇಳಿದ್ದೆ. ಅವರು ಟೇಪು ಎಳೆಯುತ್ತಲೇ ಕೇಳಿಸಿಕೊಂಡರು. ಕೊನೆಗೆ ಗಂಭೀರವಾಗಿ ತಲೆದೂಗಿ, ನಿಮ್ಮ ಭಾವ ಸಿಮೆಂಟು ಸರಿಯಾಗಿ ನೆನೆಸಲಿಲ್ಲ, ಅಲ್ಲೇ ಕೆಟ್ಟಿತು, ನಾನು ಮೊದಲೇ ಬಾಳೆದಿಂಡು ಹೇಳಿಟ್ಟಿದ್ದೇನೆ ಎಂದರು.

ನಗು ತಡೆಯಲಾರದೆ ಅಕ್ಕನಿಗೆ ಫೋನು ಮಾಡಿದೆ. ಬಾಳೆದಿಂಡಿನ ಮಾತು ಹೇಳಿದರೆ ಅವಳೂ ನಗುತ್ತಾಳೆಂದು ಕಾದೆ. ಅವಳು ಯಾವ ಜಾಗದಲ್ಲಿ ಕೊಳ ಎಂದು ಕೇಳಿದಳು. ಮೆಟ್ಟಿಲ ಕೆಳಗೆ, ಅಲ್ಲಿ ಯಾರೂ ಕೂರುವುದಿಲ್ಲ ಬಿಡು ಎಂದೆ.

"ಮತ್ತೆ ನೀ ಎಲ್ಲಿ ಕೂತ್ಕತೀಯೆ?" ಎಂದಳು.

ಹೇಳಲು ಬಾಯಿ ತೆರೆದೆ. ಸೋಫಾ ಅವರ ಟಿವಿಯದು. ಉತ್ತರ ಪತ್ರಿಕೆ ತಿದ್ದುವುದು ಊಟದ ಮೇಜಿನ ಮೂಲೆಯಲ್ಲಿ, ತಟ್ಟೆ ಬಂದರೆ ಕಟ್ಟು ಎತ್ತಿಕೊಂಡು ಏಳಬೇಕು. ಮಲಗುವ ಕೋಣೆಯ ಕುರ್ಚಿಯ ಮೇಲೆ ಮಡಚದ ಬಟ್ಟೆ. ಕಾಫಿ ಕುಡಿಯುವುದು, ಪೇಪರ್ ಓದುವುದು, ಫೋನಿನಲ್ಲಿ ಅಕ್ಕನ ಕಷ್ಟ ಕೇಳಿದ್ದು, ಇದೀಗ ನಿಮಗೆ ಈ ಕಥೆಯನ್ನೆಲ್ಲ ಹೇಳಿದ್ದು, ಎಲ್ಲ ಈ ಕಟ್ಟೆಗೆ ಒರಗಿ ನಿಂತು. ಇಷ್ಟು ವರ್ಷ ಅಕ್ಕನ ತೊಟ್ಟಿಯ ಕಥೆ ಹೇಳಿ ಊರನ್ನೆಲ್ಲ ನಗಿಸಿದ್ದೇನೆ, ನನಗೆ ಒಂದು ಮಣೆಯಷ್ಟು ಜಾಗ ಇಲ್ಲವೆಂಬುದು ಹೊಳೆದಿರಲೇ ಇಲ್ಲ. ತುಂಬ ಬೇಸರವಾಯಿತು. ಅಕ್ಕ ಆ ಕಡೆ ಕಾಯುತ್ತಿದ್ದಳು. ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟೆ.

ಹಾಲಿಗೆ ಬಂದು, ಒಂದು ಕುರ್ಚಿಯ ಮೇಲಿದ್ದ ಮಿಕ್ಸಿ ಡಬ್ಬವನ್ನು ಕೆಳಗಿಳಿಸಿದೆ. ಕುರ್ಚಿಯನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಕೆಳಗೆ, ಕಿಟಕಿಯ ಹತ್ತಿರ ಹಾಕಿದೆ. ಉತ್ತರ ಪತ್ರಿಕೆಗಳ ಕಟ್ಟು ತಂದು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಿಟಕಿಯಿಂದ ಬಿಸಿಲು ನೇರವಾಗಿ ಪಾದದ ಮೇಲೆ ಬೀಳುತ್ತಿತ್ತು, ಬೆಚ್ಚಗಿತ್ತು. ನಮ್ಮ ಮನೆಯವರು ಟೇಪಿನ ಒಂದು ತುದಿ ಹಿಡಿದುಕೊಂಡು ಆಚೆ ಗೋಡೆಯ ಬುಡದಿಂದ ನನ್ನತ್ತ ನೋಡಿದರು.

"ವಸಿ ಕಾಲೆತ್ತು," ಎಂದರು.

ನಾನು ಎತ್ತಲಿಲ್ಲ. ಕೆಂಪು ಪೆನ್ನಿನ ಕ್ಯಾಪು ತೆಗೆದು ಮೇಲಿನ ಉತ್ತರ ಪತ್ರಿಕೆಯನ್ನು ಬಿಚ್ಚಿದೆ.